ಬೂದು ಬಣ್ಣದ ತುಂಡು

ಮೈದಾನದಲ್ಲಿ ನಿನಗೊಂದು ಕಕ್ಕಸು ಕಟ್ಟಿಸಿಕೊಡ್ತೀನಿ, ಬಾಗಿಲಿರೋದು, ಒಳಗಿನಿಂದ ಚಿಲಕ ಹಾಕಿಕೊಳ್ಳೋದು ಎಂದು ತಂಗಿ ಅಕ್ಕನಿಗೆ ಮಾತು ಕೊಟ್ಟಾಗ, ಆ ತಂಗಿಗೆ ಮುಂದಿನ ಹಲ್ಲುಗಳು ಬಿದ್ದು ಹೊಸವು ಇನ್ನೂ ಹುಟ್ಟಿರಲಿಲ್ಲ. ಅಕ್ಕ ಹಿತ್ತಲಿನ ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ತನ್ನ ಓಟದ ಚಡ್ಡಿಯನ್ನು ಉಜ್ಜುತ್ತಿದ್ದಳು. ಅದು ಆಗಲೇ ಶುಭ್ರವಾಗಿತ್ತು. ಆದರೂ ಕೈ ನಿಲ್ಲುತ್ತಿರಲಿಲ್ಲ.

ಅವತ್ತು ಊರಿನ ಶಾಲೆಗಳ ಓಟದ ಪಂದ್ಯ. ಮೈದಾನದಲ್ಲಿ ಹುಡುಗರಿಗೆ ಮೋಟುಗೋಡೆಯಾದರೂ ಇತ್ತು, ಹುಡುಗಿಯರಿಗೆ ಅದೂ ಇರಲಿಲ್ಲ. ಬೆಳಿಗ್ಗೆಯಿಂದ ಬಿಗಿಹಿಡಿದುಕೊಂಡೇ ಇದ್ದ ಅಕ್ಕ ಮಧ್ಯಾಹ್ನದ ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಬಂದು ದಾರ ಹರಿದಳು. ಹರಿದ ಮರುಕ್ಷಣ ಮೈ ಸಡಿಲಿತು. ಅಷ್ಟೂ ಜನರ ಕಣ್ಣೆದುರಿಗೆ ಅದು ಕಾಲಗುಂಟ ಇಳಿದುಹೋಯಿತು. ಮೊದಲು ಯಾವನೋ ಒಬ್ಬ ನಕ್ಕ, ಆಮೇಲೆ ನಗದವರೇ ಉಳಿಯಲಿಲ್ಲ. ಬಹುಮಾನ ಕೊಡಲು ನಿಂತಿದ್ದ ಹಿರಿಯರು ಕೂಡ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ಹೆಗಲು ಕುಲುಕಿಸಿದರು. ಅಕ್ಕ ಮತ್ತೆಂದೂ ಓಡಲಿಲ್ಲ.

ತಂಗಿ ದೊಡ್ಡವಳಾದಳು. ಓದಿದಳು, ಪುರಸಭೆ ಸೇರಿದಳು, ಊರಿನ ಉದ್ಯಾನ, ಆಟದ ಬಯಲು, ಸಂಜೆಯ ತರಬೇತಿಗಳನ್ನು ಯೋಜಿಸುವ ಅಧಿಕಾರಿಯಾದಳು. ಅಷ್ಟು ಹೊತ್ತಿಗೆ ಆ ಹಳೆಯ ಮೈದಾನದ ಮೇಲೆ ಬಸ್ ನಿಲ್ದಾಣ ಎದ್ದಿತ್ತು. ಈಗ ಕೈಗೆ ಬಂದದ್ದು ಬೇರೊಂದು ಬಯಲು. ಊರು ಬೆಳೆದ ಕಡೆ, ಒಳ್ಳೊಳ್ಳೆಯ ಮನೆಗಳ ನಡುವೆ, ಕುರುಚಲು ಗಿಡ ಬೆಳೆದು ಬಿದ್ದಿದ್ದ ಜಾಗ. ಅದರ ಪೂರ್ವದ ರಸ್ತೆಗೆ ಮುಖ ಮಾಡಿ ನಿಂತಿದ್ದ ಮನೆಗಳಲ್ಲೊಂದು ಅಕ್ಕನದು. ಪಶ್ಚಿಮಕ್ಕೆ ಹಾಳುಬಿದ್ದ ಪಂಪ್‌ಹೌಸು, ಅದರಾಚೆ ಒಂದೊಂದು ಕೋಣೆಯ ಮನೆಗಳ ಗಲ್ಲಿ. ಸಂಜೆ ಆ ಬಯಲಿಗೆ ಓಡಲು ಬರುತ್ತಿದ್ದ ಹುಡುಗಿಯರೆಲ್ಲ ಆ ಗಲ್ಲಿಯವರೇ.

ತಂಗಿಗೆ ಒಂದು ಪದ್ಧತಿಯಿತ್ತು, ಅದರಿಂದ ಅವಳಿಗೆ ಹೆಸರೂ ಬಂದಿತ್ತು. ನಕ್ಷೆಯನ್ನು ಕಚೇರಿಯಲ್ಲಿ ಕೂತು ಬರೆಯುತ್ತಿರಲಿಲ್ಲ. ಬಡಗಿಯಿಂದ ಬಯಲಿನ ಪಡಿಯಚ್ಚಿನಂಥ ಹಲಗೆ ಮಾಡಿಸಿ, ಜಾರುಬಂಡಿ, ಕಲ್ಲುಬೆಂಚು, ವೇದಿಕೆ, ಚೆಂಡಾಟದ ಅಂಕಣ, ಎಲ್ಲಕ್ಕೂ ಒಂದೊಂದು ಮರದ ತುಂಡು ಕೊಯ್ಯಿಸಿ, ಬಣ್ಣ ಬಳಿಸಿ, ಸುತ್ತಲಿನ ನಿವಾಸಿಗಳನ್ನು ಕರೆದು ಮುಂದಿಡುತ್ತಿದ್ದಳು. ನಿಮ್ಮ ಜಾಗ, ನೀವೇ ಜೋಡಿಸಿ. ಸಭೆ ಮುಗಿದಾಗ ತುಂಡುಗಳು ಎಲ್ಲೆಲ್ಲಿರುತ್ತವೋ ಅದೇ ನಕ್ಷೆ, ಅಧಿಕಾರಿಗಳು ಕೈ ಹಚ್ಚುವಂತಿಲ್ಲ. ಬೇರೆ ಊರಿನವರು ಬಂದು ಇದನ್ನು ನೋಡಿಕೊಂಡು ಹೋಗಿದ್ದರು.

ಸಭೆಯ ದಿನ ಬೆಳಿಗ್ಗೆ ಅವಳ ಮಗ ಹಾಸಿಗೆಯ ತುಂಬ ವಾಂತಿ ಮಾಡಿಕೊಂಡಿದ್ದ. ಅದನ್ನೆಲ್ಲ ಬರಿಗೈಯಲ್ಲಿ ಬಳಿದು, ಹೊದಿಕೆ ನೆನೆಸಿ, ಅವನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದಳು. ಆಗ ಅವಳಿಗೆ ಹೇಸಿಗೆ ಎಂಬ ಶಬ್ದವೇ ನೆನಪಾಗಿರಲಿಲ್ಲ.

ಸಭಾಂಗಣದ ಕಿಟಕಿಗಳು ತುಕ್ಕು ಹಿಡಿದು ತೆರೆಯುತ್ತಿರಲಿಲ್ಲ. ಒಳಗೆ ಒದ್ದೆ ಕಾಲುಚೀಲದ ನಾತ, ಅದರ ಮೇಲೆ ಯಾರೋ ಪೂಸಿಕೊಂಡು ಬಂದ ಸುಗಂಧ. ನಿವಾಸಿಗಳ ಸಂಘದ ಅಧ್ಯಕ್ಷರು ಕಿರುಬೆರಳಿನಿಂದ ಕಿವಿ ಕೆದಕಿ, ಬೆರಳನ್ನೊಮ್ಮೆ ಪರಿಶೀಲಿಸಿ, ಅದೇ ಕೈಯಲ್ಲಿ ವೇದಿಕೆಯ ತುಂಡನ್ನೆತ್ತಿ ತಮ್ಮ ಮನೆಯ ಎದುರಿಗೆ ಇಟ್ಟುಕೊಂಡರು. ಸಂಜೆ ಹೊತ್ತು ನಾಲ್ಕು ಒಳ್ಳೆ ಮಾತು ಕಿವಿಗೆ ಬೀಳಲಿ ಎಂದರು. ಬೇಕರಿಯವನು ಬೆಂಚುಗಳನ್ನೆಲ್ಲ ತನ್ನ ಅಂಗಡಿಯ ಮಗ್ಗುಲಿಗೆ ಎಳೆದುಕೊಂಡ. ಅಲ್ಲಿಯವರೆಗೆ ನಗು, ಚೇಷ್ಟೆ ಎಲ್ಲ ಚೆನ್ನಾಗಿಯೇ ನಡೆದಿತ್ತು.

ಆಮೇಲೆ ಬಂತು ಬೂದು ಬಣ್ಣದ ತುಂಡು. ಬೆಂಕಿಪೊಟ್ಟಣದಷ್ಟು. ತಂಗಿ ಅದನ್ನು ಮೊದಲೇ ಪೂರ್ವದ ಅಂಚಿಗೆ ಇಟ್ಟಿದ್ದಳು, ಏಕೆಂದರೆ ಒಳಚರಂಡಿಯ ಕೊಳವೆ ಇದ್ದದ್ದು ಆ ರಸ್ತೆಯ ಅಡಿಯಲ್ಲಿ ಮಾತ್ರ.

"ಏನಮ್ಮ ಇದು?" ಎಂದರು ಅದೇ ರಸ್ತೆಯಲ್ಲಿ ಮನೆಯಿದ್ದ ದಂತವೈದ್ಯರು.

ಹೆಣ್ಣುಮಕ್ಕಳ ಶೌಚಾಲಯ ಎಂದಳು ತಂಗಿ.

ದಂತವೈದ್ಯರು ಕರವಸ್ತ್ರವನ್ನು ಮೂಗಿಗೆ ಒತ್ತಿದರು. ಮರದ ತುಂಡು ನಾರುತ್ತದೆಯೋ ಎಂಬಂತೆ. ದಿನವಿಡೀ ಊರವರ ಕೊಳೆತ ಹಲ್ಲುಗಳ ನಡುವೆ ಮುಖವಿಟ್ಟು ಕೂರುವ ಮನುಷ್ಯ. ಎರಡು ಬೆರಳ ತುದಿಯಲ್ಲಿ ಅದನ್ನೆತ್ತಿ ಉತ್ತರಕ್ಕೆ ಸರಿಸಿದರು. ಉತ್ತರದಲ್ಲಿ ಬೇಕರಿ. ತಿನ್ನೋ ವಸ್ತು ಮಾರೋ ಜಾಗ ಸ್ವಾಮಿ ಎಂದು ಅವನು ದಕ್ಷಿಣಕ್ಕೆ ತಳ್ಳಿದ. ದಕ್ಷಿಣದಲ್ಲಿ ಅಧ್ಯಕ್ಷರು. ಅವರೇನೂ ಕಡಿಮೆಯಿಲ್ಲ, ಪೆನ್ನಿನ ತುದಿಯಿಂದ ನೂಕಿದರು. ಹೀಗೆ ಆ ತುಂಡು ಹಲಗೆಯ ಸುತ್ತ ಅಲೆಯಿತು. ಎಲ್ಲರಿಗೂ ಶೌಚಾಲಯ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ, ಎಂಥ ಮಾತು ಮೇಡಂ, ಅವೂ ನಮ್ಮ ಮಕ್ಕಳೇ ಅಲ್ಲವೇ! ಆದರೆ ಇಲ್ಲಿ ಬೇಡ.

ಹುಡುಗಿಯರಿಗೆ ಓಟ ಕಲಿಸುವವಳು ಗೋಡೆಗೆ ಒರಗಿ ನಿಂತಿದ್ದಳು. ಕೊರಳಲ್ಲಿ ಸದಾ ಪೀಪಿ ನೇತಾಡುವುದರಿಂದ ಅವಳನ್ನು ಊರೆಲ್ಲ ಪೀಪಿ ಟೀಚರ್ ಎನ್ನುತ್ತಿತ್ತು. ಅವಳಿಗೆ ಸಭೆಯಲ್ಲಿ ಮಾತಾಡಿ ಗೊತ್ತಿರಲಿಲ್ಲ.

"ಮಕ್ಕಳು ಮಧ್ಯಾಹ್ನದಿಂದ ನೀರೇ ಕುಡಿಯಲ್ಲ," ಎಂದಳು. "ಕುಡಿದ್ರೆ ಹೋಗ್ಬೇಕಾಗತ್ತೆ ಅಂತ. ಮೊನ್ನೆ ಒಬ್ಬಳು ತಲೆ ತಿರುಗಿ ಬಿದ್ದಳು. ಇದು ಆಗದಿದ್ರೆ ಅವರಮ್ಮಂದಿರು ಇನ್ನು ಕಳಿಸಲ್ಲ ಅಂದಿದಾರೆ."

ತುಂಡನ್ನು ನೂಕುತ್ತಿದ್ದ ಕೈಗಳು ಹಲಗೆಯಿಂದ ಹಿಂದೆ ಸರಿದವು. ತಂಗಿಯ ಎದೆ ಹಗುರಾಯಿತು. ಆಗ ಮಾತಾಡಿದ್ದು ಅಕ್ಕ. ಎರಡನೆಯ ಸಾಲಿನಲ್ಲಿ, ಕುರ್ಚಿಯ ಮೇಲೆ ಕರವಸ್ತ್ರ ಹಾಸಿಕೊಂಡು ಕೂತಿದ್ದವಳು ಎದ್ದು ಬಂದು, ಆ ತುಂಡನ್ನು ಪಂಪ್‌ಹೌಸಿನ ಹಿಂದಕ್ಕೆ, ಕಸದ ತೊಟ್ಟಿಗಳ ಸಾಲಿಗೆ ಇಟ್ಟಳು.

"ನಾವೂ ಓಡಿದ್ವಿ ಕಣಮ್ಮ," ಎಂದಳು ಪೀಪಿ ಟೀಚರ್‌ಗೆ, ಬಲು ಮೆದುವಾಗಿ. "ಏನ್ ಸತ್ತೋದ್ವಾ?"

ಎಲ್ಲರೂ ನಕ್ಕರು. ಹೆಂಗಸೇ ಹೇಳಿದ ಮೇಲೆ ಇನ್ನೇನು ಎಂದರು ಅಧ್ಯಕ್ಷರು. ಚಹಾ ಬಂತು.

ಪಂಪ್‌ಹೌಸಿನ ಕಡೆ ಕೊಳವೆಯಿಲ್ಲ. ಅಲ್ಲಿ ಇಟ್ಟದ್ದು ಮುಂದಿನ ಹಂತಕ್ಕೆ ಹೋಗುತ್ತದೆ, ಮುಂದಿನ ಹಂತವನ್ನು ಆ ಪುರಸಭೆಯಲ್ಲಿ ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಪಂಪ್‌ಹೌಸಿನ ಹಿಂದೆ ಎಂದರೆ ಇಲ್ಲ ಎಂದೇ ಅರ್ಥ. ಅದು ತಂಗಿಗೆ ಗೊತ್ತು. ಕೋಣೆಯಲ್ಲಿ ಬಿಸ್ಕತ್ತು ಚಹಾಕ್ಕೆ ಅದ್ದಿ ಚೀಪುತ್ತಿದ್ದ ಬಾಯಿಗಳ ಸದ್ದು ಕೇಳಲಾರದೆ ಹೊರಗೆ ಬಂದಳು.

ಮೊಗಸಾಲೆಯ ಕೊನೆಯ ಕೈತೊಟ್ಟಿಯಲ್ಲಿ ಅಕ್ಕ ಕೈ ತೊಳೆಯುತ್ತಿದ್ದಳು. ಸೋಪು ತನ್ನದೇ, ಚೀಲದಿಂದ ತೆಗೆದದ್ದು.

"ಮರದ ತುಂಡು ಅಕ್ಕ ಅದು," ಎಂದಳು ತಂಗಿ.

"ಯಾರ್ಯಾರು ಮುಟ್ಟಿದಾರೋ."

"ನೀನು ಹಾಗೆ ಹೇಳಬಾರದಿತ್ತು. ಅದನ್ನ ನಿನಗೆ ಅಂತಲೇ ಕಟ್ಟಿಸ್ತೀನಿ ಅಂದಿದ್ದೆ ನಾನು."

ಅಕ್ಕನ ಕೈ ನೊರೆಯಲ್ಲೇ ನಿಂತಿತು. "ನಾನು ಕೇಳಿದ್ನಾ? ಬೆಳಿಗ್ಗೆ ಎದ್ದು ಬಾಗಿಲು ತೆಗೆದ್ರೆ ಅದೇ ಕಾಣ್ಬೇಕಾ ನನಗೆ? ಹುಡುಗೀರು ಹೊಟ್ಟೆ ಹಿಡ್ಕೊಂಡು ಬರೋದನ್ನ ದಿನಾ ನೋಡ್ಬೇಕಾ? ನನ್ನ ಮಕ್ಕಳಿಗೆ ನಾನು ಓಡ್ತಿದ್ದೆ ಅನ್ನೋದೇ ಗೊತ್ತಿಲ್ಲ. ಹಾಗೇ ಇರ್ಲಿ ಬಿಡು."

ಅಷ್ಟು ವರ್ಷ ತಾನು ಎದೆಗವಚಿಕೊಂಡು ತಿರುಗಿದ ಮಾತು ಅಕ್ಕನಿಗೆ ಗಾಯದ ಮೇಲೆ ಎಳೆದ ಬರೆಯಂತಿದೆ ಎಂದು ತಂಗಿಗೆ ಆಗಲೇ ಹೊಳೆದದ್ದು. ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಬೀಗುವವರಲ್ಲಿ ತಾನೂ ಒಬ್ಬಳು. ಹೋಗಲಿ, ಅಕ್ಕನ ಪಾಡಿಗೆ ಅಕ್ಕ ಇರಲಿ ಎಂದು ಬಿಟ್ಟೇಬಿಡುವವಳಿದ್ದಳು. ಸಮಾಧಾನ ಹೇಳಲು ಅವಳ ಹೆಗಲಿನ ಮೇಲೆ ಕೈಯಿಡಲೂ ಹೋದಳು.

ಅಕ್ಕ ಬೆರಳು ಬೆರಳನ್ನೂ ಬಿಡಿಸಿ ಒರೆಸಿಕೊಂಡು, ಸೋಪನ್ನು ಡಬ್ಬಿಗೆ ಹಾಕಿ ಮುಚ್ಚಿದಳು. "ಅಲ್ಲದೆ ಆ ಕಡೆಯವರಿಗೆ ವಾಸನೆ ಗೀಸನೆ ಎಲ್ಲ ಅಭ್ಯಾಸ ಇರತ್ತೆ ಕಣೇ. ನಮಗಾದ್ರೆ ಆಗಲ್ಲ."

ತಂಗಿಯ ಕೈ ಹಾಗೇ ಕೆಳಗಿಳಿಯಿತು.

ಅಕ್ಕನ ಮುಖವನ್ನು ಅವಳು ನೋಡಿದಳು. ದಾರ ಹರಿದು ನಿಂತಿದ್ದ ಹುಡುಗಿಯನ್ನು ಅಲ್ಲಿ ಹುಡುಕಿದಳು, ಕಾಣಲಿಲ್ಲ. ಕಂಡದ್ದು ಆವತ್ತು ಕರವಸ್ತ್ರದೊಳಗೆ ನಕ್ಕ ಹಿರಿಯರ ಮುಖ. ಅದೇ ಕೊಂಕಿದ ಮೂಗು, ನಮಗಲ್ಲವಲ್ಲ ಎಂಬ ಅದೇ ನೆಮ್ಮದಿ. ಬಾಯಿಗೆ ಹುಳಿನೀರು ಬಂತು. ಕೈತೊಟ್ಟಿಗೆ ಉಗುಳೋಣವೆಂದರೆ ಅಕ್ಕ ಅದರ ಅಂಚನ್ನೂ ತೊಳೆದಿಟ್ಟಿದ್ದಳು. ನುಂಗಿಕೊಂಡು ಒಳಗೆ ಹೋದಳು.

ಒಳಗೆ ಅಧ್ಯಕ್ಷರು ಹಲಗೆಯ ಚಿತ್ರ ತೆಗೆಯಲು ಫೋನು ಎತ್ತಿ ಹಿಡಿದು, ನೆರಳು ಬೀಳುತ್ತೆ ಸರೀರಿ ಎಂದು ಬೇಕರಿಯವನನ್ನು ಗದರುತ್ತಿದ್ದರು. ಆ ಚಿತ್ರವೇ ನಕ್ಷೆ. ತಂಗಿ ನಡುವೆ ನುಗ್ಗಿ, ಪಂಪ್‌ಹೌಸಿನ ಹಿಂದಿನಿಂದ ಬೂದು ತುಂಡನ್ನು ಹಿಡಿಯಲ್ಲಿ ಎತ್ತಿ, ಪೂರ್ವದ ರಸ್ತೆಗೆ, ಅಕ್ಕನ ಮನೆಯ ಗೇಟಿನ ಎದುರಿಗೆ ಕುಕ್ಕಿದಳು.

"ಮೇಡಂ, ನೀವು ಕೈ ಹಚ್ಚೋ ಹಾಗಿಲ್ಲ," ಎಂದರು ಅಧ್ಯಕ್ಷರು. "ನಿಮ್ಮದೇ ನಿಯಮ."

"ಹೌದು."

"ಮತ್ತೆ ನಮ್ಮನ್ನ ಯಾಕೆ ಕರೆದ್ರಿ?"

"ತಪ್ಪಾಯ್ತು," ಎಂದಳು ತಂಗಿ. "ಕರೀಬಾರದಿತ್ತು. ತೆಗೀರಿ ಫೋಟೋ."

ಗಲಾಟೆಯೆದ್ದಿತು. ಇದು ಸರ್ವಾಧಿಕಾರ ಎಂದರು ದಂತವೈದ್ಯರು. ಆದರೆ ತುಂಡು ಬಿದ್ದದ್ದು ತಮ್ಮ ಬಾಗಿಲಿಗಲ್ಲ ಎಂದು ಒಬ್ಬೊಬ್ಬರಿಗೂ ಹೊಳೆಯುತ್ತ ಬಂದಂತೆ ಗಲಾಟೆಯ ಕಾವು ಇಳಿಯಿತು. ಬೇಕರಿಯವನು ಮತ್ತೊಂದು ಬಿಸ್ಕತ್ತು ಎತ್ತಿಕೊಂಡ. ಕೊನೆಗೆ ದಂತವೈದ್ಯರೇ, ಆ ಗೇಟಿನ ಮನೆಯವರದೇ ಒಪ್ಪಿಗೆಯಿದ್ದರೆ ನಮ್ಮದೇನು ಎಂದು ಬಾಗಿಲಿಗೆ ಬಂದಿದ್ದ ಅಕ್ಕನ ಕಡೆ ನೋಡಿ ಮುಗುಳ್ನಕ್ಕರು. ಅವರ ಬೆಂಬಲ ವಿರೋಧಕ್ಕಿಂತ ಹೆಚ್ಚು ಅಸಹ್ಯವಾಗಿತ್ತು. ಅಧ್ಯಕ್ಷರು ಫೋಟೋ ತೆಗೆದರು. ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು, ಚೀಲ ಹೆಗಲಿಗೇರಿಸಿದಳು, ಹೋದಳು.

ತಂಗಿಗೆ ಗೆದ್ದೆನೆಂದು ಅನ್ನಿಸಲಿಲ್ಲ. ಹಲಗೆಯನ್ನು ಬಟ್ಟೆಯಲ್ಲಿ ಸುತ್ತುವಾಗ ತಾನು ಆ ತುಂಡನ್ನು ಕುಕ್ಕಿದ ರಭಸ ಕೈಗೆ ನೆನಪಾಯಿತು. ಕೊಳವೆ ಇದ್ದದ್ದು ಆ ರಸ್ತೆಯಲ್ಲೇ ನಿಜ, ಆದರೆ ಆ ಗೇಟಿನ ನೇರಕ್ಕೇ ಆಗಬೇಕೆಂದು ಕೊಳವೆಯೇನೂ ಹೇಳಿರಲಿಲ್ಲ. ಹತ್ತು ಮಾರು ಆಚೆ ಖಾಲಿ ಜಾಗವಿತ್ತು. ಅದು ಗೊತ್ತಿದ್ದೂ ಅವಳ ಕೈ ಆಚೆ ಹೋಗಿರಲಿಲ್ಲ. ಆಮೇಲೂ ಅವಳು ಅದನ್ನು ಸರಿಸಲಿಲ್ಲ. ಪೀಪಿ ಟೀಚರ್ ಬಂದು ಅವಳ ಕೈ ಹಿಡಿದುಕೊಂಡು ಏನೋ ಹೇಳಲು ಹೊರಟಳು. ಬೇಡ, ನೀರು ಕುಡಿಯೋಕೆ ಹೇಳಮ್ಮ ಮಕ್ಕಳಿಗೆ ಎಂದು ತಂಗಿ ಕೈ ಬಿಡಿಸಿಕೊಂಡಳು. ಮಗನನ್ನು ಕರೆದುಕೊಂಡು ಮನೆಗೆ ಹೋಗಿ ನೆನೆಹಾಕಿದ್ದ ಹೊದಿಕೆ ಒಗೆದಳು.

ಮುಂದಿನ ಬೇಸಿಗೆಗೆ ಮೊದಲು ಕಟ್ಟಡ ಎದ್ದಿತು. ಅಕ್ಕ ಮುಂಬಾಗಿಲು ಮುಚ್ಚಿ ಹಿತ್ತಲ ಬಾಗಿಲಿನಿಂದ ಓಡಾಡತೊಡಗಿದಳು. ತಂಗಿ ಫೋನ್ ಮಾಡಿದರೆ ಭಾವ ಎತ್ತಿಕೊಂಡು, ಅವಳು ಸ್ನಾನಕ್ಕೆ ಹೋಗಿದಾಳೆ ಎನ್ನುತ್ತಾರೆ. ಹುಡುಗಿಯರು ಸಂಜೆ ಬರುತ್ತಾರೆ, ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ, ಹೊರಗೆ ಬಂದು ಓಡುತ್ತಾರೆ. ತಂಗಿ ಕೊಟ್ಟ ಮಾತು ನಡೆಯಿತು.