ಬರಿಹಣೆ

ಸಾಬವ್ವ ವಿಭೂತಿಯನ್ನು ನೀರಲ್ಲಿ ಕಲಸಿ ಗಂಡನ ಹಣೆಗೆ ಬಳಿಯುತ್ತಲೇ ಇದ್ದಳು. ಗೋಡೆಗೆ ಒರಗಿಸಿ ಕೂಡಿಸಿದ್ದ ಚಂದ್ರಪ್ಪನ ಹುಬ್ಬುಗಳು ಆಗಲೇ ಮುಚ್ಚಿಹೋಗಿದ್ದವು.

"ಸಾಕ ಬಿಡವಾ, ಅಯ್ಯನವರು ಬಂದ ಹಚ್ತಾರ," ಎಂದಳು ಚಂದ್ರಪ್ಪನ ಅಕ್ಕ ತಾಯಮ್ಮ. ಬೈಲಹೊಂಗಲದಿಂದ ಬಂದು ಬೆಳಗ್ಗೆ ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಇಳಿದಿದ್ದಳು.

"ಬದಕಿದ್ದಾಗ ಹಚ್ಚಗೊಡಲಿಲ್ಲಕ್ಕಾ. ಈಗರೆ ಹಚ್ಚತೇನಿ."

ಹೊರಗೆ ಯೆರವಡಾದ ಓಣಿಯಲ್ಲಿ ಕೂತ ನೆರೆಯವರು ಹೆಣ ಒಯ್ಯುವ ಗಾಡಿ ಎಷ್ಟೊತ್ತಿಗೆ ಬರುತ್ತದೆಂದು ಮರಾಠಿಯಲ್ಲಿ ವಿಚಾರಿಸುತ್ತಿದ್ದರು.

*

ಚಂದ್ರಪ್ಪ ದುಡಿಯುತ್ತಿದ್ದ ವಿದ್ಯಾಪೀಠದ ಪ್ರಯೋಗಾಲಯದಲ್ಲಿ ಅಂಗೈಗಿಂತ ಚಿಕ್ಕ ಬಿಲ್ಲೆಗಳನ್ನು ಮಾಡುತ್ತಿದ್ದರು. ಅವುಗಳಲ್ಲಿ ಕೂದಲೆಳೆಗಿಂತ ಸಣ್ಣ ಕಾಲುವೆಗಳು. ಒಂದು ಹನಿ ರಕ್ತ ಬಿಟ್ಟರೆ ಹರಿದು ರೋಗ ತೋರಿಸಬೇಕು. ಧೂಳು ಸಿಕ್ಕರೆ ಕಾಲುವೆ ಕಟ್ಟುತ್ತಿತ್ತು. ಊರಲ್ಲಿ ಹೊಲಕ್ಕೆ ನೀರು ಹಾಯಿಸಿದವನಿಗೆ ಅದನ್ನು ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ದಿನಾ ಬಾಗಿಲಾಚೆಯ ನಳದಲ್ಲಿ ವಿಭೂತಿ ತೊಳೆದುಕೊಂಡು, ಬಿಳಿ ಅಂಗಿ ಟೊಪ್ಪಿಗೆ ಹಾಕಿ ಒಳಗೆ ಹೋಗುತ್ತಿದ್ದ.

ಒಮ್ಮೆ ಬಿಲ್ಲೆಗಳೆಲ್ಲ ಕೆಟ್ಟವು. ಸೂಕ್ಷ್ಮದರ್ಶಕದಲ್ಲಿ ಬಿಳಿ ಪುಡಿ ಕಂಡಿತು.

"ಇದು ನಿಮ್ಮ ವಿಭೂತಿ, ಚಂದ್ರಪ್ಪ," ಎಂದರು ಮುಖ್ಯಸ್ಥೆ ನೀಲಿಮಾ. ಧಾರವಾಡದ ಕಡೆಯವರೇ.

"ತೊಳಕೊಂಡ ಬಂದೇನ್ರಿ ಮೇಡಂ."

"ಕೂದಲದಾಗ ಉಳದಿರ್ತದ."

ಅವನನ್ನು ಸಾಮಾನಿನ ಕೋಣೆಗೆ ಹಾಕಿದರು. ಅಂದಿನಿಂದ ಅವನು ಮನೆಯಲ್ಲೂ ವಿಭೂತಿ ಮುಟ್ಟಲಿಲ್ಲ. "ನಾಳೆ ಒಳಗ ಕರದರಂದ್ರ?" ಎನ್ನುತ್ತಿದ್ದ. ಊರಲ್ಲಿ ಅವ್ವನನ್ನು ಮಣ್ಣು ಮಾಡುವಾಗಲೂ ಬರಿಹಣೆಯಲ್ಲೇ ನಿಂತ. "ಪುಣೇಕ್ಕ ಹೋಗಿ ಕುಲಾ ಬಿಟ್ಟಿಯೇನೋ?" ಎಂದು ಊರವರು ನಕ್ಕರು. ಒಳಗಿನಿಂದ ಕರೆ ಬರಲೇ ಇಲ್ಲ.

*

ನೀಲಿಮಾ ಬಂದರು. ಹಿಂದೆ ಹಾರ ಹಿಡಿದುಕೊಂಡು ಅಂಬಾರಾಯ, ಚಂದ್ರಪ್ಪನ ಜೊತೆ ಒಳಗೆ ದುಡಿದವನು.

"ಭಾಳ ಸ್ವಚ್ಛ ಮನುಷ್ಯಾ ಇದ್ರು," ಎಂದರು ನೀಲಿಮಾ.

ತಾಯಮ್ಮ ತಿರುಗಿದಳು. "ಹೌದ್ರಿ? ಹಂಗಾರ ನನ್ನ ತಮ್ಮನ ಹಣಿ ಬೂದಿಗೆ ನಿಮ್ಮ ಸಾಮಾನ ಹೆಂಗ ಕೆಟ್ಟಿತ್ರಿ?"

ಅಂಬಾರಾಯನಿಗೆ ತಡೆಯಲಾಗಲಿಲ್ಲ. "ಅದು ವಿಭೂತಿ ಅಲ್ಲಕ್ಕಾರ. ಗ್ಲೌಸಿನ ಒಳಗ ಪುಡಿ ಹಚ್ಚಿರ್ತಾರ, ಕೈ ಸಲೀಸ ಹೋಗ್ಲಿ ಅಂತ. ಅದು ಉದುರಿದ್ದು. ಆಮ್ಯಾಲ ಗೊತ್ತಾತು."

ಸಾಬವ್ವನ ಕೈ ನಿಂತಿತು. "ಮೇಡಂ, ನಿಮಗೂ ಗೊತ್ತಿತ್ತೇನ್ರಿ?"

"ಗೊತ್ತಾದ ಕೂಡಲೇ ಗ್ಲೌಸ್ ಬದಲ ಮಾಡಿಸಿದ್ವಿ..."

"ಗ್ಲೌಸಿನ ಮಾತಲ್ಲ. ಇವರಿಗೆ ಹೇಳಿದ್ರೇನು?"

"ಒಳಗ ಆಗಲೇ ಬ್ಯಾರೆಯವರನ್ನ ತಗೊಂಡಿದ್ವಿ. ಹೇಳಬೇಕಂತ ಇತ್ತು..."

ಸಾಬವ್ವ ವಿಭೂತಿಯ ಬಟ್ಟಲನ್ನು ಅವರ ಮುಂದೆ ಹಿಡಿದಳು. "ಹಚ್ಚರಿ. ನಿಮ್ಮ ಕೈಲೇ ಹಚ್ಚರಿ."

ನೀಲಿಮಾ ಮೂರು ಬೆರಳು ಅದ್ದಿ, ಹಣೆಯ ಮೇಲೆ ಅಡ್ಡಲಾಗಿ ಎಳೆದರು. ದಪ್ಪಗೆ ಬಳಿದಿದ್ದ ಹಸಿ ವಿಭೂತಿ ಬೆರಳಿಗಂಟಿ ಕಿತ್ತುಬಂತು. ಅಷ್ಟು ಬಿಳಿಯ ನಡುವೆ ಚಂದ್ರಪ್ಪನ ಕಪ್ಪು ಚರ್ಮದ ಮೂರು ಗೆರೆಗಳು ಮೂಡಿದವು.