ಅಳಿಯಂದಿರ ದೊಡ್ಡ ಗಾಡಿ

ಹೇಳಿಬಿಡಬೇಕೇ, ಬೇಡವೇ? ಹೇಳುವುದಾದರೆ ಎಲ್ಲಿಂದ ಶುರುಮಾಡುವುದು? 'ಮಾವ, ನೀವು ಆರಿಸಿದ ಕಾರು ಸರಿಯಿಲ್ಲ' ಎಂದರೆ 'ನಿಮ್ಮ ಕೈ ಸರಿಯಿಲ್ಲ' ಎಂದೇ ಆ ಮುದುಕರಿಗೆ ಕೇಳಿಸೀತು. ಮೆಕ್ಯಾನಿಕ್ಕಿಗೆ ಹಾಗೆ ಹೇಳುವುದೂ ಒಂದೇ, ಕಪಾಳಕ್ಕೆ ಹೊಡೆಯುವುದೂ ಒಂದೇ. 'ಗಾಡಿ ಚೆನ್ನಾಗಿದೆ, ಆದರೆ' ಎಂದು ಎಳೆಯಬಹುದು. ಆದರೆ ಆ 'ಆದರೆ'ಯನ್ನು ದಾಟಿ ಮುಂದೆ ಹೋಗುವ ಧೈರ್ಯ ತನಗುಂಟೇ?

ಅಚ್ಚುಮನೆಯಲ್ಲಿ ಕರಡು ತಿದ್ದುವುದು ಅವನ ಕೆಲಸ. ಹನ್ನೊಂದು ವರ್ಷಗಳಿಂದ ಕಂಡವರ ತಪ್ಪುಗಳನ್ನೆಲ್ಲ ಹುಡುಕಿ ಕೆಂಪು ಗುರುತು ಹಾಕಿದವನು, ಮದುವೆಯಾದ ಹೊಸತರಲ್ಲಿ ಮಾವ ಹುಡುಕಿ ಕೊಡಿಸಿದ ಕಾರಿನ ಒಂದೇ ಒಂದು ತಪ್ಪನ್ನೂ ಎರಡು ವರ್ಷಗಳಿಂದ ಬಾಯಿಬಿಟ್ಟು ಆಡಿರಲಿಲ್ಲ. ದುಡ್ಡು ಇವನದು, ಆಯ್ಕೆ ಮಾವನದು.

ತಪ್ಪುಗಳೋ, ಪುಟ ತುಂಬುವಷ್ಟಿದ್ದವು. ಹದಿನೇಳು ವರ್ಷದ ಗಾಡಿ. ಒಂದು ಕಾಲದಲ್ಲಿ ಯಾವುದೋ ಕಂಪನಿಯ ದೊಡ್ಡ ಸಾಹೇಬರನ್ನು ಹೊತ್ತು ತಿರುಗಿತ್ತು. ಸಾಹೇಬರು ನಿವೃತ್ತರಾದರೂ ಗಾಡಿಯ ಗತ್ತು ನಿವೃತ್ತವಾಗಿರಲಿಲ್ಲ. ರೇಡಿಯೇಟರ್ ನೀರು ಕುಡಿಯುತ್ತಿತ್ತು, ಇಂಜಿನ್ ಆಯಿಲ್ ಕುಡಿಯುತ್ತಿತ್ತು. ಪೆಟ್ರೋಲಿನ ಮಾತಂತೂ ಬೇಡ. ತಿರುವಿನಲ್ಲಿ ಇದರ ಮೂತಿ ಕಂಡರೆ ಸಾಕು, ಬಂಕಿನವನು ಕುರ್ಚಿ ಬಿಟ್ಟೇಳುತ್ತಿದ್ದ. ಎಡಗಡೆಯ ಹಿಂದಿನ ಗಾಜು ಇಳಿದರೆ ಏರುತ್ತಿರಲಿಲ್ಲ. ಎಸಿ ಚಳಿಗಾಲದಲ್ಲಿ ಮಾತ್ರ ತಣ್ಣಗಿರುತ್ತಿತ್ತು. ರಸ್ತೆಯ ಉಬ್ಬು ಹತ್ತಿಳಿದರೆ ಅಡಿಯಲ್ಲಿ ಸವೆದ ರಬ್ಬರ್ ಬುಷ್‌ಗಳು ಹಳೇ ಮಂಚದಂತೆ ನರಳುತ್ತಿದ್ದವು. ಆ ಅಳತೆಯ ಟೈರು ಇದ್ದದ್ದು ಒಂದೇ ಅಂಗಡಿಯಲ್ಲಿ, ಮತ್ತು ಆ ಸಂಗತಿ ಅಂಗಡಿಯವನಿಗೂ ಗೊತ್ತಿತ್ತು.

ಪ್ರತಿ ಭಾನುವಾರ ಗಾಡಿಯನ್ನು ಮಾವನ ಶೆಡ್ಡಿಗೆ ಒಯ್ಯುವುದು, ಅವರು ಅದರ ಹೊಟ್ಟೆಯಡಿ ನುಸುಳಿ ಸಂಜೆವರೆಗೆ ಹೆಣಗುವುದು, ಇವನು ಬಿಡಿಭಾಗದ ದುಡ್ಡಷ್ಟೇ ಕೊಟ್ಟು 'ಈಗ ಚೆನ್ನಾಗಿದೆ ಮಾವ' ಎಂದು ಹೊರಡುವುದು. ಕೂಲಿಯ ಮಾತೆತ್ತಿದರೆ ಮಾವನ ಮುಖ ಊದಿಕೊಳ್ಳುತ್ತಿತ್ತು.

ಹಾಗೇ ನಡೆದುಹೋಗುತ್ತಿತ್ತೇನೋ. ಆದರೆ ಈಗ ಗೇರ್‌ಬಾಕ್ಸೇ ಕೈಕೊಟ್ಟಿತ್ತು. ನಿನ್ನೆ ಸಂಜೆ ಹೆಂಡತಿ ಬಟ್ಟೆ ಮಡಚುತ್ತಾ ಸುದ್ದಿ ಹೇಳಿದಳು.

"ಅಪ್ಪ ಗುಜರಿಯವನ ಹತ್ರ ಬೇರೆ ಗೇರ್‌ಬಾಕ್ಸ್ ಹೇಳಿಟ್ಟಿದ್ದಾರೆ. ನಾಳೆ ಮಧ್ಯಾಹ್ನದೊಳಗೆ ದುಡ್ಡು ಕೊಡ್ಬೇಕಂತೆ. ನಿಮ್ಮ ಹತ್ರ ತಗೊಳಲ್ವಂತೆ. ಯಾವ ದುಡ್ಡು ಕೊಡ್ತಾರೆ ಗೊತ್ತಾ? ಹಲ್ಲಿನ ಸೆಟ್ಟಿಗೆ ಇಟ್ಟಿದ್ದು."

ಅವನು ಬೆಚ್ಚಿದ. ಮಾವನ ಬಾಯಲ್ಲಿ ಉಳಿದಿದ್ದದ್ದು ಎರಡೇ ಹಲ್ಲು, ಅವೂ ಒಂದಕ್ಕೊಂದು ಎದುರಾಗಿರಲಿಲ್ಲ. ಹತ್ತು ತಿಂಗಳಿಂದ ಬಿಸ್ಕತ್ತನ್ನೂ ಚಹಾದಲ್ಲಿ ನೆನೆಸಿಯೇ ನುಂಗುತ್ತಿದ್ದರು. ಡಾಕ್ಟರು ಅಳತೆಯನ್ನೂ ತೆಗೆದುಕೊಂಡಾಗಿತ್ತು.

"ನೀನೇ ಬೇಡ ಅಂತ ಹೇಳು."

"ನಾನು ಹೇಳಿದ್ರೆ ಅಪ್ಪ-ಮಗಳ ಜಗಳ ಆಗುತ್ತೆ. ನೀವು ಹೇಳಿದ್ರೆ ಅದು ಮಾತಾಗುತ್ತೆ. ಎರಡು ವರ್ಷ ಆಯ್ತು, ನೀವಿಬ್ರೂ ಇನ್ನೂ ಬ್ಯಾಂಕಿನ ಕೌಂಟರಿನ ಆಚೆ ಈಚೆ ನಿಂತವರ ಹಾಗೆ ಮಾತಾಡ್ತೀರಿ. ಒಂದ್ಸಲ ಬಾಯಿ ಬಿಡ್ರೀ, ಮುತ್ತೇನೂ ಉದುರಲ್ಲ."

ಬೆಳಿಗ್ಗೆ ಗಾಡಿ ಕುಪ್ಪಳಿಸುತ್ತಾ, ನಡುನಡುವೆ ಯೋಚನೆಗೆ ಬಿದ್ದಂತೆ ತಡೆಯುತ್ತಾ ಶೆಡ್ಡು ಮುಟ್ಟಿತು. ಪಕ್ಕದ ಶೆಡ್ಡಿನ ಪೇಂಟರ್ ಬ್ರಷ್ ಎತ್ತಿ ಸಲಾಮು ಹೊಡೆದ.

"ಬಂತಪ್ಪಾ ಮೆರವಣಿಗೆ! ಎಲ್ರೂ ದಾರಿ ಬಿಡಿ!"

ಮಾವ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. "ಬನ್ನಿ ಅಳಿಯಂದಿರೇ. ಹೇಗಿದ್ದಾಳೆ ಇವಳು?"

"ಚೆನ್ನಾಗಿದೆ ಮಾವ," ಎಂದುಬಿಟ್ಟ. ನಾಲಿಗೆಗೆ ಅದೇ ರೂಢಿಯಾಗಿತ್ತು.

"ಚೆನ್ನಾಗಿದ್ದೋಳು ಭಾನುವಾರ ಬೆಳಿಗ್ಗೆ ಆಸ್ಪತ್ರೆಗ್ಯಾಕೆ ಬಂದ್ಲು?" ಎಂದ ಪೇಂಟರ್.

"ನಿನ್ನ ಕೆಲಸ ನೋಡಯ್ಯಾ," ಎಂದು ಗದರಿ ಮಾವ ಒಳಗೆ ಕೂತು ಬೀದಿಯ ತುದಿವರೆಗೆ ಓಡಿಸಿಕೊಂಡು ಬಂದರು. ಇಳಿಯುವಾಗ ಮುಖ ಸಪ್ಪಗಿತ್ತು. "ಎರಡರಿಂದ ಮೂರಕ್ಕೆ ಹೋಗೋಕೆ ನನ್ನ ಹಾಗೇ ಮೊಣಕಾಲು ಹಿಡ್ಕೊಂಡು ಏಳ್ತಾಳೆ. ಇರಲಿ. ಇವತ್ತು ಹೊಸ ಬಾಕ್ಸ್ ಬರುತ್ತೆ."

ಮೇಜಿನ ಸೆಳೆಖಾನೆ ಎಳೆದು ಒಂದು ಲಕೋಟೆ ತೆಗೆದರು. ಅದರ ಮೇಲೆ ದಂತವೈದ್ಯರ ಮೊಹರು ಇತ್ತು. ಮಾವ ಮೊಹರು ಕಾಣದಂತೆ ಅದನ್ನು ತಿರುಗಿಸಿ ಪ್ಯಾಂಟಿನ ಜೇಬಿಗಿಟ್ಟು, ಗೂಟದ ಮೇಲಿದ್ದ ಒಗೆದ ಅಂಗಿಗೆ ಕೈಹಾಕಿದರು. ಇನ್ನು ಗುಂಡಿ ಹಾಕಿಕೊಳ್ಳುವಷ್ಟೇ ಸಮಯವಿದೆ, ಆಮೇಲೆ ಹೇಳಿ ಪ್ರಯೋಜನವಿಲ್ಲ ಎಂದು ಅವನಿಗೆ ಅನ್ನಿಸಿತು.

"ಮಾವ... ಹಲ್ಲು..."

"ಹಲ್ಲಿಗೇನು? ಹತ್ತು ತಿಂಗಳಿಂದ ಹಲ್ಲಿಲ್ದೆ ನಾನು ಬದುಕಿಲ್ವಾ? ಗೇರಿಲ್ದೆ ನೀವು ಹತ್ತು ದಿನ ಗಾಡಿ ಓಡಿಸಿ, ನೋಡೋಣ."

"ಗೇರ್‌ಬಾಕ್ಸ್ ಬೇಡ ಮಾವ."

ಮೂರನೇ ಗುಂಡಿಯ ಮೇಲೆ ಮಾವನ ಬೆರಳು ನಿಂತಿತು. "ಯಾಕೆ?"

ಸುಮ್ಮನಿರುವುದು ಅವನಿಗೆ ಎಂದೂ ಕಷ್ಟವಾಗಿರಲಿಲ್ಲ. ಮೌನದಲ್ಲಿ ಅವನು ತನ್ನ ಕೋಣೆಯಲ್ಲಿದ್ದಷ್ಟು ನೆಮ್ಮದಿಯಿಂದ ಇರಬಲ್ಲವನು. ಇವತ್ತು ಮಾತ್ರ ಆ ಕೋಣೆಯಲ್ಲಿ ಗಾಳಿಯೇ ಇರಲಿಲ್ಲ.

"ಯಾಕಂದ್ರೆ... ಈ ಗಾಡಿ ಕಂಡ್ರೆ ನನಗಾಗಲ್ಲ."

ಆಮೇಲೆ ತಡೆಯುವುದು ಸಾಧ್ಯವಾಗಲಿಲ್ಲ. ಮೊದಲ ಪುಟದಿಂದ ಕರಡು ಓದಿದಂತೆ ಸಾಲುಸಾಲಾಗಿ ಬಂತು: ನೀರು, ಆಯಿಲ್, ಏರದ ಗಾಜು, ನರಳುವ ಬುಷ್ಷು, ತನ್ನ ಬೀದಿಯಲ್ಲಿ ತಿರುಗಿಸಲು ಮೂರು ಮನೆಯವರನ್ನು ಎಬ್ಬಿಸಿ ಅವರ ಗಾಡಿ ತೆಗೆಸಬೇಕಾದದ್ದು, ಹೋದ ತಿಂಗಳು ಹಾರ್ನ್ ಒತ್ತಿದರೆ ವೈಪರ್ ಆಡಿದ್ದು. ಪೇಂಟರ್ ಕೂಡ ಬಾಯಿ ಮುಚ್ಚಿ ಕೇಳುತ್ತಿದ್ದ, ಅದೂ ಜೀವಮಾನದಲ್ಲಿ ಮೊದಲ ಸಲ.

ಇವನು ಉಸಿರು ತೆಗೆದುಕೊಳ್ಳಲು ನಿಂತಾಗ ಮಾವ ಗಂಭೀರವಾಗಿ, "ಹಿಂದಿನ ಲೈಟು ಬಿಟ್ರಿ," ಎಂದರು.

"ಏನು ಮಾವ?"

"ಎಡಗಡೆ ಲೈಟಿನೊಳಗೆ ನೀರು ನಿಲ್ಲುತ್ತೆ. ಮೀನು ಸಾಕ್ಬಹುದು. ಅಡಿಯಲ್ಲಿ ತುಕ್ಕು ಹಿಡಿದದ್ದು ನಿಮಗೆ ಕಾಣೋದಿಲ್ಲ ಬಿಡಿ, ಅಲ್ಲಿ ಮಲಗೋನು ನಾನು." ಹಾಗೆಂದವರು ಹಳೇ ಟೈರಿನ ಮೇಲೆ ಕುಸಿದು ಕೂತರು. ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಇವನು ಹತ್ತಿರ ಹೋದ. ನೋಡಿದರೆ ನಗುತ್ತಿದ್ದರು, ಎರಡು ಹಲ್ಲೂ ಕಾಣುವಂತೆ.

"ಅಲ್ಲಯ್ಯಾ, ಎರಡು ವರ್ಷದಿಂದ ನನ್ನ ಒಂದು ಭಾನುವಾರನೂ ಬಿಡದೆ ತಿಂದ್ಲು ಇವಳು! ನಿನಗೆ ಇವಳಂದ್ರೆ ಪ್ರಾಣ ಅಂತ ನಾನು ಹಲ್ಲು ಕಚ್ಚಿ ಸುಮ್ನಿದ್ದೆ."

"ಕಚ್ಚೋಕೆ ಎಲ್ಲಿತ್ತು?" ಎಂದ ಪೇಂಟರ್.

"ನಿಮಗೆ ಪ್ರಾಣ ಅಂತ ನಾನು..." ಅಳಿಯನಿಗೆ ವಾಕ್ಯ ಮುಗಿಸಲಾಗಲಿಲ್ಲ.

"ಚೆನ್ನಾಗಿದೆ ಕಣ್ರೀ! ಬೇಡದ ನೆಂಟರನ್ನ ಇಬ್ರೂ ಉಪಚಾರ ಮಾಡಿ ಮಾಡಿ ಮನೇಲೇ ಉಳಿಸ್ಕೊಂಡ್ರಲ್ಲ," ಎಂದು ಪೇಂಟರ್ ತೊಡೆ ತಟ್ಟಿಕೊಂಡ.

ಮಾವ ಅಲ್ಲೇ ಕೂತು ಗುಜರಿಯವನಿಗೆ ಫೋನ್ ಹಚ್ಚಿದರು. "ಬಾಕ್ಸ್ ಬೇಡಪ್ಪ. ಬಾಕ್ಸ್ ಬಿಟ್ಟು ಉಳಿದ ಗಾಡಿ ಇದೆ, ನಿನಗೆ ಬೇಕಾ?" ಅವನಿಗೆ ಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಬರುತ್ತೇನೆಂದ.

ಕಾಯುತ್ತಾ ಇಬ್ಬರೂ ಒಂದೇ ಬೆಂಚಿನ ಮೇಲೆ ಚಹಾ ಹಿಡಿದು ಕೂತರು. ಮಾವನ ಜೇಬಿನಲ್ಲಿ ಲಕೋಟೆ ಹಾಗೇ ಇತ್ತು. ಕೊನೆಗೆ ಇವನು ಕೇಳಿದ, "ಮತ್ತೆ ಇದನ್ನೇ ಯಾಕೆ ಕೊಡಿಸಿದ್ರಿ ಮಾವ?"

"ನೀನು ಮೊದಲ ಸಲ ನಮ್ಮನೆಗೆ ಬಂದದ್ದು ಯಾರೋ ಸ್ನೇಹಿತನ ಪುಟ್ಟ ಕಾರಲ್ಲಿ. ನಾನು ಬಾಗಿಲಲ್ಲಿ ನಿಂತಿದ್ದೆ. ಮೊದಲು ಒಂದು ಕಾಲು ಬಂತು. ಸ್ವಲ್ಪ ಹೊತ್ತಾದ್ಮೇಲೆ ಇನ್ನೊಂದು ಕಾಲು ಬಂತು. ಅದೆಷ್ಟೋ ಹೊತ್ತಾದ್ಮೇಲೆ ನೀನು ಬಂದೆ. ಮಗಳಿಗೆ ಅವತ್ತೇ ಅಂದೆ, ಈ ಮನುಷ್ಯ ಹೀಗೆ ಮಡಚ್ಕೊಂಡು ಓಡಾಡಬಾರ್ದಮ್ಮಾ ಅಂತ. ನಾಲ್ಕು ತಿಂಗಳು ಅಲೆದೆ. ನಿನ್ನ ಸಂಬಳಕ್ಕೆ ನಿಲುಕೋದ್ರಲ್ಲಿ ಕಾಲು ಚಾಚೋಕೆ ಜಾಗ ಇದ್ದದ್ದು ಇದೊಂದೇ." ಮಾವ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. "ಬೇರೆ ಏನೇ ಇರಲಿ, ಕೂರೋಕಾದ್ರೂ ಆರಾಮಾಗಿತ್ತು ತಾನೆ?"

"ಬಹಳ ಆರಾಮಾಗಿತ್ತು ಮಾವ," ಎಂದ.

ಸಾಹೇಬರು ಆಕಾಶ ನೋಡಲೆಂದು ಆ ಕಾರಿನ ನೆತ್ತಿಗೆ ಗಾಜಿನ ಕಿಂಡಿ ಕೂರಿಸಿದ್ದರು. ಅದರ ಚೌಕಟ್ಟಿನಿಂದಾಗಿ ಛಾವಣಿ ನಾಲ್ಕು ಬೆರಳು ತಗ್ಗಾಗಿತ್ತು. ಕಾಲಿಗೆ ಜಾಗವಿದ್ದರೂ ತಲೆಗೆ ಇರಲಿಲ್ಲ, ಎರಡು ವರ್ಷವೂ ಕತ್ತು ಓರೆ ಮಾಡಿಕೊಂಡೇ ಓಡಿಸಿದೆ ಎಂಬುದನ್ನು ಅವನು ಮಾವನಿಗೆ ಎಂದೂ ಹೇಳಲಿಲ್ಲ.