ಎಳೆದು ತಂದ ಬಾಲಚುಕ್ಕಿ

ನಿಂಬೆಹಣ್ಣನ್ನು ಮೇಜಿನ ನಡುವೆ ಇಟ್ಟು, "ಇದೇ ಸೂರ್ಯ" ಎಂದೆ. ಗ್ರಂಥಾಲಯದ ಸಭಾಂಗಣ ತುಂಬಿತ್ತು. ಆಗ ನನ್ನ ವಿಜ್ಞಾನ ಭಾಷಣಗಳಿಗೆ ಊರಿನಲ್ಲಿ ಒಳ್ಳೆಯ ಹೆಸರು; ಅದು ನನ್ನ ತಲೆಗೂ ಏರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಧೂಮಕೇತುಗಳೆಲ್ಲ ಸೌರಮಂಡಲವನ್ನು ಬಹುದೂರದಲ್ಲಿ ಕವಿದಿರುವ ಹಿಮದ ಮೋಡದಿಂದ ಬರುತ್ತವೆ, ಒಂದು ಸುತ್ತಿಗೆ ಸಾವಿರಾರು ವರ್ಷ ಬೇಕು ಎಂದು ಗಟ್ಟಿಯಾಗಿ ಹೇಳಿದೆ.

ಹಿಂದಿನ ಬೆಂಚಿನಿಂದ ಶಾಂತವೀರಮ್ಮ ಎದ್ದರು. ಗ್ರಂಥಾಲಯದಲ್ಲಿ ಪತ್ರಿಕೆಗಳನ್ನು ಜೋಡಿಸಿಡುವ ಕೆಲಸ ಅವರದು. "ಮೇಷ್ಟ್ರೇ, ಆರಾರು ವರ್ಷಕ್ಕೇ ತಿರುಗಿ ಬರೋವೂ ಇದಾವಂತೆ, ಪೇಪರ್ನಲ್ಲಿ ಓದಿದ್ದೆ. ಅಷ್ಟು ದೂರದಿಂದ ಆದ್ರೆ ಇಷ್ಟು ಬೇಗ ಹೆಂಗೆ ಬಂದಾವು?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಆಕೆ ಗಂಡನ ಮನೆ ಹೊಕ್ಕ ವಾರವೇ ಆಕಾಶದಲ್ಲಿ ಬಾಲಚುಕ್ಕಿ ಕಂಡಿತ್ತು, ಮಾವ ತೀರಿಕೊಂಡಿದ್ದರು. ಅಂದಿನಿಂದ ಊರವರು ಬೆನ್ನ ಹಿಂದೆ ಆಕೆಯನ್ನು 'ಧೂಮಕೇತು' ಎನ್ನುತ್ತಿದ್ದರು. ಅದು ಗೊತ್ತಿದ್ದೂ ನಗುತ್ತ ಅಂದೆ: "ಧೂಮಕೇತುವಿನ ವಿಷಯ ನಮಗಿಂತ ನಿಮಗೇ ಚೆನ್ನಾಗಿ ಗೊತ್ತಲ್ಲವೇ, ಅಮ್ಮ!"

ಸಭೆ ಗೊಳ್ಳೆಂದಿತು. ಅವರು ಸೆರಗು ಸರಿಮಾಡಿಕೊಂಡು ಕುಳಿತರು. ಛೆ, ಎಂಥ ಮಾತಾಡಿಬಿಟ್ಟೆ!

ಹದಿನೈದು ದಿನ ಪುಸ್ತಕ ತಿರುವಿದ ಮೇಲೆ ಉತ್ತರ ಸಿಕ್ಕಿತು. ನಿಂಬೆಹಣ್ಣು ಹಿಡಿದುಕೊಂಡೇ ಅವರ ಪತ್ರಿಕಾ ಕೋಣೆಗೆ ಹೋಗಿ, ಅದನ್ನು ಅವರ ಮೇಜಿನ ಮೇಲಿಟ್ಟೆ.

"ನಿಮ್ಮ ಪ್ರಶ್ನೆಯೇ ಸರಿ. ತಪ್ಪಿದ್ದು ನಾನು. ಬೇಗ ಬೇಗ ಬರುವ ಧೂಮಕೇತುಗಳು ಆ ಮೋಡದವಲ್ಲ. ನೆಪ್ಚೂನ್ ಗ್ರಹದ ಆಚೆಗೆ ಹಿಮದುಂಡೆಗಳ ಒಂದು ಪಟ್ಟಿಯಿದೆ. ಅಲ್ಲಿ ಅವು ತಮ್ಮ ಪಾಡಿಗೆ ಸುತ್ತುತ್ತಿರುತ್ತವೆ. ನೆಪ್ಚೂನ್ ಒಂದಷ್ಟನ್ನು ಸೆಳೆದು ಒಳಕ್ಕೆ ತಳ್ಳುತ್ತದೆ. ಕೈಯಿಂದ ಕೈಗೆ ಬಂದ ಹಾಗೆ, ಕೊನೆಗೆ ಗುರುಗ್ರಹ ಹಿಡಿದು ಸೂರ್ಯನ ಹತ್ತಿರದ ದಾರಿಗೆ ಹಾಕುತ್ತದೆ."

ಅವರು ಹಣ್ಣನ್ನೇ ನೋಡುತ್ತಿದ್ದರು. "ಹಂಗಾದ್ರೆ ಅವು ತಾವಾಗಿ ಬಂದಿದ್ದಲ್ಲ. ಎಳ್ಕೊಂಡು ತಂದಿದ್ದು."

"ಹೌದು."

"ನನ್ನನ್ನೂ ಹಂಗೇ ತಂದ್ರು ಮೇಷ್ಟ್ರೇ. ಹದಿನಾಲ್ಕು ವರ್ಷ ನಂಗೆ. ಯಾರ ಪ್ರಾಣ ತೆಗೆಯೋಕೂ ನಾನು ಬಂದಿರ್ಲಿಲ್ಲ."

ನೆಲ ಬಿರಿಯಬಾರದೇ ಅನ್ನಿಸಿತು. ತಪ್ಪಾಯಿತು ಎಂದೆ. ಅವರು ಹಣ್ಣನ್ನು ನನ್ನ ಅಂಗೈಗೆ ಇಟ್ಟರು. "ನನಗ್ಯಾಕೆ ಹೇಳ್ತೀರಿ? ಅವತ್ತು ನಕ್ಕೋರಿಗೆ ಹೇಳಿ."

ಮುಂದಿನ ಭಾಷಣದಲ್ಲಿ ಹೇಳಿದೆ. ಪಟ್ಟಿ, ನೆಪ್ಚೂನ್, ಗುರು ಎಲ್ಲವೂ ಬಂತು, ಚಪ್ಪಾಳೆಯೂ ಬಿತ್ತು. ಪ್ರಶ್ನೆ ಕೇಳಿದ್ದು ಶಾಂತವೀರಮ್ಮ, ಅವರನ್ನು ಅವಮಾನಿಸಿದ್ದು ನಾನು ಎಂಬ ಮಾತು ಮಾತ್ರ ಗಂಟಲಲ್ಲೇ ಉಳಿಯಿತು. ಅವರು ಹಿಂದಿನ ಬೆಂಚಿನಲ್ಲಿ ಕೊನೆಯವರೆಗೂ ಕಾದು ಕುಳಿತಿದ್ದರು. ನಾನು ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡು, ಅವರತ್ತ ನೋಡದೆ ಮೆಟ್ಟಿಲಿಳಿದೆ.